ಬಾಣಂತನ ತವರಿನದು, ಕಾರ್ಡು ಗಂಡನ ಮನೆಯದು

ಹೊಟ್ಟೆ ಹೊತ್ತು ಬಂದ ಹೆಣ್ಣುಮಗಳನ್ನು ಕಂಡರೆ ನಮ್ಮ ನರ್ಸುಗಳು ಮೊದಲು ಅವಳ ಕಾಲು ನೋಡುತ್ತಿದ್ದರು, ಬಾವು ಬಂದಿದೆಯೇ ಎಂದು. ನಾನು ಅವಳ ಜೊತೆಗೆ ಯಾರು ಬಂದಿದ್ದಾರೆ ಎಂದು ನೋಡುತ್ತಿದ್ದೆ. ಅತ್ತೆ ಬಂದಿದ್ದರೆ ಒಂದು ಚಿಂತೆ, ಅವ್ವ ಬಂದಿದ್ದರೆ ಇನ್ನೊಂದು. ಅತ್ತೆ ಜೊತೆಗಿದ್ದರೆ ವಿಮೆಯ ಕಾರ್ಡು ಇರುತ್ತದೆ, ಆದರೆ ಕೈ ಬಿಚ್ಚುವವರು ಯಾರೆಂದು ಕೊನೆಯವರೆಗೂ ತಿಳಿಯುವುದಿಲ್ಲ. ಅವ್ವ ಜೊತೆಗಿದ್ದರೆ ದುಡ್ಡನ್ನು ಹೇಗೋ ಹೊಂದಿಸಿಕೊಂಡು ಬಂದಿರುತ್ತಾಳೆ, ಕಾರ್ಡು ಮಾತ್ರ ಗಂಡನ ಮನೆಯ ತಿಜೋರಿಯಲ್ಲಿ ಕುಳಿತಿರುತ್ತದೆ. ಚಿಕ್ಕೋಡಿಯ ಒಂದು ಹೆರಿಗೆ ಆಸ್ಪತ್ರೆಯಲ್ಲಿ, ವಿಮೆಯ ಮೇಜಿನ ಹಿಂದೆ, ನನ್ನ ವಯಸ್ಸು ಕಳೆದದ್ದು ಈ ಎರಡು ಚಿಂತೆಗಳ ನಡುವೆ.

ಈಗ ನನ್ನ ಕುರ್ಚಿಗೆ ಬಂದಿರುವ ಹುಡುಗಿ ಮೊನ್ನೆ ಮನೆಗೆ ಬಂದಿದ್ದಳು. "ಅಕ್ಕಾರ, ಕಂಪ್ಯೂಟರ್ ಕೆಲಸ ಎಲ್ಲಾ ಕಲ್ತೀನ್ರಿ. ಬ್ಯಾರೆ ಏನರ ಕಲಿಯೂದು ಐತೇನ್ರಿ?" ಎಂದು ಕೇಳಿದಳು. ಚಹಾ ಆರುವ ತನಕ ಮಾತಾಡಿದೆ. ಅವಳು ಹೋದ ಮೇಲೆ ಮುಖ್ಯವಾದದ್ದನ್ನೇ ಹೇಳಲಿಲ್ಲ ಅನ್ನಿಸಿತು. ಅದಕ್ಕೇ ಈ ಬರವಣಿಗೆ. ಅವಳೂ ಓದಲಿ, ಅವಳಂಥವರೂ ಓದಲಿ.

ಮೊದಲೇ ಹೇಳಿಬಿಡುತ್ತೇನೆ, ನನ್ನದು ಹೆದರುವ ಸ್ವಭಾವ. ಬಾಗಿಲು ಜೋರಾಗಿ ಹಾಕಿಕೊಂಡರೂ ಏನಾಯಿತೋ ಎನ್ನುವವಳು. ಆಸ್ಪತ್ರೆಯ ಒಡತಿ, ನಾವೆಲ್ಲ ಡಾಕ್ಟರ್ ಬಾಯಿ ಎನ್ನುತ್ತಿದ್ದವರು, ಇದೇ ವಿಷಯ ಹಿಡಿದು ನನ್ನನ್ನು ಕಾಡಿಸುತ್ತಿದ್ದರು. "ಈಕಿ ಮಾರಿ ಬಿಳಚಿಕೊಂಡಿತಂದ್ರ ನಾ ಆಪರೇಶನ್ ಕೋಣಿ ತಯಾರ ಇಡಸ್ತೀನಿ" ಎಂದು ಎಲ್ಲರೆದುರು ಹೇಳುವರು. ಅವರಿಗೆ ಒಂದು ನೇಮವಿತ್ತು. ಹೆರಿಗೆ ಕೋಣೆಯ ಬಾಗಿಲ ಬಳಿ ಯಾರೂ ಖರ್ಚಿನ ಮಾತು ಎತ್ತಕೂಡದು. "ಅದನ್ನ ಕೇಳಿದ್ರ ನನ್ನ ಕೈ ನಡಗತಾವ. ಹೊರಗ ಅಕ್ಕಾರ ಅದಾರ, ಅವರ ಮುಂದ ಅಳ್ರಿ" ಎನ್ನುವರು. ಹೀಗಾಗಿ ಊರಿನ ಅಳುವೆಲ್ಲ ನನ್ನ ಮೇಜಿಗೇ ಬರುತ್ತಿತ್ತು.

ನಾನು ಸೇರಿದಾಗ ವಿಮೆಯ ಮಾತೇ ನಮ್ಮ ಕಡೆ ಇರಲಿಲ್ಲ. ಚೀಟಿ ಬರೆಯುವುದು, ನಂಬರು ಕೂಗುವುದು, ಅಷ್ಟೇ ನನ್ನ ಕೆಲಸ. ಕಬ್ಬಿನ ಬಿಲ್ಲು ಕೈಗೆ ಬಂದ ತಿಂಗಳಲ್ಲಿ ಹೆತ್ತವರು ನಗುತ್ತ ಮನೆಗೆ ಹೋಗುವರು. ಉಳಿದ ತಿಂಗಳಲ್ಲಿ ಹೆತ್ತವರ ಅವ್ವಂದಿರ ಕೈಯಲ್ಲಿ ಬಳೆ ಕಡಿಮೆಯಾಗಿರುತ್ತಿದ್ದವು. ಆಮೇಲೆ ಕಾರ್ಖಾನೆಗಳವರು ನೌಕರರಿಗೆ ಗುಂಪು ವಿಮೆ ಮಾಡಿಸಿದರು, ಸರ್ಕಾರದ ಆರೋಗ್ಯ ಕಾರ್ಡುಗಳು ಬಂದವು, ಏಜೆಂಟರು ಹಳ್ಳಿ ಹಳ್ಳಿ ತಿರುಗಿದರು. ಡಾಕ್ಟರ್ ಬಾಯಿ ಒಂದು ಮೇಜು ಹಾಕಿಸಿ ನನ್ನನ್ನು ಕೂಡಿಸಿದರು.

ಮೊದಮೊದಲು ಎಲ್ಲ ಫ್ಯಾಕ್ಸಿನಲ್ಲಿ. ಕರೆಂಟು ಹೋದರೆ ಕಂಪನಿಯ ಒಪ್ಪಿಗೆಯೂ ಅರ್ಧ ಹಾಳೆಗೇ ನಿಲ್ಲುತ್ತಿತ್ತು. ಈಗ ಕಂಪ್ಯೂಟರಿನಲ್ಲಿ ಕಳಿಸಿ, ಪರದೆಯ ಮೇಲೆ ಒಂದು ಪದ ಬದಲಾಗುವುದನ್ನೇ ನೋಡುತ್ತ ಕೂಡಬೇಕು. ಯಂತ್ರ ಬದಲಾಯಿತು, ಕಾಯುವ ಸಂಕಟ ಮೊದಲಿನ ಹಾಗೇ ಇದೆ. ಒಳಗೆ ನೋವು ತಿನ್ನುವವಳು ಒಬ್ಬಳು, ಹೊರಗೆ ನಾನು, ಎಲ್ಲೋ ದೂರದಲ್ಲಿ ನಮ್ಮಿಬ್ಬರನ್ನೂ ಕಾಣದ ಯಾರೋ ಒಬ್ಬರು ಕಾಗದ ತಿರುವಿ ಹಾಕುತ್ತಿರುತ್ತಾರೆ.

ಅಕ್ಕೋಳದ ಕಡೆಯ ಒಬ್ಬ ಕಬ್ಬಿನ ರೈತ ನೆನಪಾಗುತ್ತಾನೆ. ಹೊಸ ಪಾಲಿಸಿಯ ಹೊಳೆಯುವ ಕಡತವನ್ನು ಎದೆಗವಚಿಕೊಂಡು ಹೆಂಡತಿಯ ಜೊತೆ ಬಂದಿದ್ದ.

"ಇದನ್ನ ಯಾವಾಗ ಮಾಡ್ಸೀರಿ?" ಎಂದೆ.

"ಈಕಿ ಹೊಟ್ಟೀಲೆ ಅದಾಳಂತ ಗೊತ್ತಾದ ಮ್ಯಾಲ ಮಾಡ್ಸೀನ್ರಿ. ಅದಕ್ಕಿಂತ ಮೊದ್ಲ ಯಾಕ ಬೇಕಾಗಿತ್ರಿ?"

ಹೆರಿಗೆಯ ಖರ್ಚು ಸಿಗಬೇಕಾದರೆ ಪಾಲಿಸಿ ಮಾಡಿಸಿ ಎರಡು ವರ್ಷ ಕಳೆದಿರಬೇಕು ಎಂದು ಅದರಲ್ಲೇ ಬರೆದಿತ್ತು. ಓದಿ ಹೇಳಿದೆ. ಅವನು ಬಹಳ ಹೊತ್ತು ಯೋಚಿಸಿ, ಅಗದೀ ಗಂಭೀರವಾಗಿ, "ಹೆರಿಗಿ ಒಂದೀಟು ಮುಂದ ಹಾಕಾಕ ಬರತೈತೇನ್ರಿ?" ಎಂದು ಕೇಳಿದ. ಸಾಲಿನಲ್ಲಿ ಕುಳಿತವರೆಲ್ಲ ಗೊಳ್ಳೆಂದು ನಕ್ಕರು, ನಾನೂ ನಕ್ಕೆ. ಅವನ ಹೆಂಡತಿ ಮಾತ್ರ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ನೆಲ ನೋಡುತ್ತಿದ್ದಳು, ತಪ್ಪು ತನ್ನದೇ ಎನ್ನುವ ಹಾಗೆ.  ಪಾಲಿಸಿಯನ್ನು ಮದುವೆಯ ಹೊತ್ತಿಗೇ ಮಾಡಿಸಿ ಎಂದು ಆಮೇಲೆ ಕಂಡಕಂಡವರಿಗೆಲ್ಲ ಹೇಳುತ್ತ ಬಂದೆ. ಮದುವೆ ಮನೆಯಲ್ಲಿ ಇಂಥ ಮಾತಾಡುತ್ತಾಳೆ ಎಂದು ನನ್ನನ್ನು ಕರೆಯುವುದನ್ನೇ ಕೆಲವರು ಬಿಟ್ಟರು.

ನಿಪ್ಪಾಣಿಯ ಒಬ್ಬ ಅತ್ತೆ ಬಂದಿದ್ದರು. ಸಹಜ ಹೆರಿಗೆಗೆ ಕಂಪನಿ ಕೊಡುವುದು ಕಡಿಮೆ, ಸಿಜೇರಿಯನ್ನಿಗೆ ಹೆಚ್ಚು ಎಂದು ಯಾರೋ ಅವರ ತಲೆಯಲ್ಲಿ ತುಂಬಿದ್ದರು. ನೇರ ಒಳಗೆ ಹೋಗಿ, "ಹೊಟ್ಟಿ ಕೊಯ್ದ ಬಿಡ್ರಿ, ಹೆಂಗೂ ಕಂಪನಿ ಕೊಡತೈತಿ" ಎಂದರಂತೆ. ಡಾಕ್ಟರ್ ಬಾಯಿ ಅವರನ್ನು ಹೊರಗೆ ಕಳಿಸಿ, ಆ ಸಿಟ್ಟನ್ನು ಮೂರು ದಿನ ನನ್ನ ಮೇಲೆ ತೀರಿಸಿಕೊಂಡರು. ಈ ಕೆಲಸದಲ್ಲಿ ಯಾರ ಸಿಟ್ಟು ಯಾರ ಮೇಲೆ ಬೀಳುತ್ತದೆ ಎಂದು ಲೆಕ್ಕ ಇಡಬಾರದು.

ಇನ್ನು ರೂಪಾಳ ವಿಷಯ. ಇದನ್ನು ಹೇಳಲಿಕ್ಕೇ ಇಷ್ಟು ದೂರ ಬಂದದ್ದು.

ರೂಪಾಳ ತವರು ಸದಲಗಾ. ಅಪ್ಪ ಅಣ್ಣಾಸಾಹೇಬರಿಗೆ ಒಂದಿಷ್ಟು ಕಬ್ಬಿನ ಹೊಲ, ಮನೆ ತುಂಬ ಎಮ್ಮೆ. ಮಗಳನ್ನು ಕೊಟ್ಟದ್ದು ಕೊಲ್ಹಾಪುರದ ಕಡೆ. ಅಳಿಯ ಸಚಿನ್ ಅಲ್ಲಿಯ ಒಂದು ಫೌಂಡ್ರಿಯಲ್ಲಿ ನೌಕರ. ಏಳನೆಯ ತಿಂಗಳಲ್ಲಿ ಕುಬಸ, ಅಂದರೆ ಸೀಮಂತ, ಮಾಡಿ, ಉಡಿ ತುಂಬಿ, ಮಗಳನ್ನು ಚೊಚ್ಚಲ ಹೆರಿಗೆಗೆ ತವರಿಗೆ ಕರೆತಂದಿದ್ದರು. ಚೊಚ್ಚಲದ ಖರ್ಚು ತವರಿನವರದು, ನಮ್ಮ ಕಡೆ ಅದು ಯಾರೂ ಬರೆದಿಡದ ಕಾಯಿದೆ.

ಮೊದಲ ತಪಾಸಣೆಗೆ ಬಂದಾಗಲೇ ನಾನು ಕೇಳಿದೆ, "ಅಳ್ಯಾರದು ಕಂಪನಿ ನೌಕರಿ ಅಂತೀರಿ, ವಿಮಾ ಇರಬೇಕಲ್ರಿ. ಕಾರ್ಡಿನ ಫೋಟೋ ಒಂದು ತರಸ್ರಿ."

"ಚೊಚ್ಚಲ ನಂದ್ರಿ ಅಕ್ಕಾರ" ಎಂದರು ಅಣ್ಣಾಸಾಹೇಬರು. "ಬೀಗರ ಕಡೆ ಕಾರ್ಡ್ ಬೇಡಿದ್ರ ಊರಾಗ ಹೆಂಗ ತಲಿ ಎತ್ತಲಿ? ನಮ್ಮ ರೇಷನ್ ಕಾರ್ಡ್ ಐತಿ, ಅದರ ಮ್ಯಾಲ ಮಾಡ್ರಿ."

ರೇಷನ್ ಕಾರ್ಡಿನ ಮೇಲೆ ಸರ್ಕಾರದ ಆರೋಗ್ಯ ಯೋಜನೆ ಸಿಗುತ್ತಿತ್ತು, ಆದರೆ ಅವರ ಕಾರ್ಡಿನಲ್ಲಿ ಮಗಳ ಹೆಸರು ಈಗ ಇರಲಿಲ್ಲ. ಮದುವೆಯಾದ ಮೇಲೆ ಇಲ್ಲಿ ತೆಗೆಸಿ ಗಂಡನ ಮನೆಯ ಕಾರ್ಡಿಗೆ ಸೇರಿಸಿದ್ದರು. ಆ ಕಾರ್ಡು ಮಹಾರಾಷ್ಟ್ರದ್ದು, ಅದರ ಮೇಲಿನ ಯೋಜನೆ ನಮ್ಮ ಆಸ್ಪತ್ರೆಯಲ್ಲಿ ನಡೆಯುವುದಿಲ್ಲ. ಗಡಿಯ ಹೊಳೆ ದಾಟಿದರೆ ಊಟ ಅದೇ, ನೆಂಟಸ್ತಿಕೆ ಅದೇ, ಕಾರ್ಡು ಮಾತ್ರ ಬೇರೆ. ಇದನ್ನು ಹೇಳಿದಾಗ ಅವರು ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡರು. "ಆಗ್ಲಿ, ರೊಕ್ಕಾ ಕಟ್ತೀನಿ" ಎಂದು ಎದ್ದು ಹೋದರು. ಪ್ರತಿ ಸಲ ಬಂದಾಗಲೂ ನಾನು ಕಾರ್ಡಿನ ಮಾತು ತೆಗೆಯುವುದು, ಅವರು ಕಿಟಕಿಯ ಕಡೆ ಮುಖ ತಿರುಗಿಸುವುದು, ಇದೇ ನಡೆಯಿತು. ರೂಪಾ ನಮ್ಮಿಬ್ಬರ ಮುಖವನ್ನೂ ನೋಡುತ್ತ ಸೆರಗಿನ ತುದಿ ಸುತ್ತುತ್ತಿದ್ದಳು.

ದಿನ ತುಂಬಲು ಇನ್ನೂ ಸಾಕಷ್ಟಿತ್ತು. ಒಂದು ಮಧ್ಯಾಹ್ನ ಅವಳ ಅವ್ವ ಅವಳನ್ನು ತೋಳು ಹಿಡಿದು ನಡೆಸಿಕೊಂಡು ಬಂದಳು. ಮುಖ ಊದಿತ್ತು. "ತಲಿ ಸಿಡ್ಯಾಕತ್ತೈತ್ರಿ, ಕಣ್ಣಿಗೆ ಮಬ್ಬ ಮಬ್ಬ ಕಾಣಾಕತ್ತೈತಿ" ಎಂದಳು ರೂಪಾ. ಡಾಕ್ಟರ್ ಬಾಯಿ ಬಿಪಿ ನೋಡಿದರು, ಇನ್ನೊಮ್ಮೆ ನೋಡಿದರು. ಹೊರಗೆ ಬಂದು ಅಣ್ಣಾಸಾಹೇಬರಿಗೆ ಹೇಳಿದರು, "ಬಿಪಿ ಭಾಳ ಏರೈತಿ, ಝಟಕಾ ಬಂದೀತು, ಇವತ್ತ ಕೂಸು ತಗೀಬೇಕು. ಸಣ್ಣದು ಐತಿ, ಕಾಚಿನ ಪೇಟಿಯೊಳಗ ಇಡಬೇಕಾಗತೈತಿ. ಎಷ್ಟ ದಿನ ಅಂತ ಈಗ ಹೇಳಾಕ ಬರಂಗಿಲ್ಲ." ಅಷ್ಟು ಹೇಳಿ, ಆಗಲೇ ನೋವು ತಿನ್ನುತ್ತಿದ್ದ ಇನ್ನೊಬ್ಬಳ ಹೆರಿಗೆಗೆ ಒಳಗೆ ಹೋದರು.

'ಎಷ್ಟ ದಿನ ಅಂತ ಹೇಳಾಕ ಬರಂಗಿಲ್ಲ' ಎಂಬ ಮಾತು ಅಪ್ಪಂದಿರ ಮುಖದಲ್ಲಿ ಏನು ಮಾಡುತ್ತದೆ ಎಂಬುದನ್ನು ನಾನು ಬಹಳ ಸಲ ನೋಡಿದ್ದೇನೆ. ಅಣ್ಣಾಸಾಹೇಬರು ಎಮ್ಮೆ ಮಾರಿ ಸಹಜ ಹೆರಿಗೆಯ ಖರ್ಚು ಕೂಡಿಸಿದ್ದರು. ಆಪರೇಶನ್ನಿನ ಲೆಕ್ಕ ಅದರಲ್ಲಿರಲಿಲ್ಲ, ಕಾಚಿನ ಪೇಟಿಯ, ಅಂದರೆ ಇನ್‌ಕ್ಯುಬೇಟರಿನ, ಲೆಕ್ಕ ಕನಸಿನಲ್ಲೂ ಇರಲಿಲ್ಲ. ಅವರು ನನ್ನ ಮೇಜಿನ ಹತ್ತಿರ ಬರಲಿಲ್ಲ. ಫೋನು ಕಿವಿಗಿಟ್ಟುಕೊಂಡು ಅಂಗಳಕ್ಕೆ ಹೋದರು. ನನಗೆ ಆಗಲೇ ಅಂಜಿಕೆ ಹುಟ್ಟಿತು. ಜಗಳ ಮಾಡುವ ಅಪ್ಪ ಇಲ್ಲೇ ಇರುತ್ತಾನೆ, ಸುಮ್ಮನೆ ಹೊರಗೆ ಹೋಗುವ ಅಪ್ಪ ಗಾಡಿ ತರುತ್ತಾನೆ.

ಹಾಗೇ ಆಯಿತು. ಪರಿಚಯದವರ ಕಾರು ಬಂತು. ಹೊಳೆಯಾಚೆ ಸರ್ಕಾರಿ ದೊಡ್ಡ ಆಸ್ಪತ್ರೆಗೆ ಒಯ್ಯುವುದು, ಅಲ್ಲಿ ಬೀಗರ ರೇಷನ್ ಕಾರ್ಡು ನಡೆಯುತ್ತದೆ, ಖರ್ಚಿಲ್ಲ ಎಂದು ಯಾರೋ ಹೇಳಿದ್ದರಂತೆ. ನರ್ಸು ಬೇಡ ಬೇಡ ಎನ್ನುತ್ತಿದ್ದಂತೆಯೇ ರೂಪಾಳನ್ನು ಕರೆತಂದು ಹಿಂದಿನ ಸೀಟಿನಲ್ಲಿ ಕೂಡಿಸಿದರು. ಡಾಕ್ಟರ್ ಬಾಯಿಯವರನ್ನು ಕರೆಯಲು ನರ್ಸನ್ನು ಒಳಗೆ ಓಡಿಸಿ, ನಾನು ಅಂಗಳಕ್ಕೆ ಓಡಿದೆ. ಕಾರಿನ ಬಾಗಿಲು ಹಿಡಿದು ನಿಂತೆ.

"ಕೈ ತಗೀರಿ ಅಕ್ಕಾರ."

"ತಗ್ಯಂಗಿಲ್ರಿ. ಹಾದ್ಯಾಗ ಝಟಕಾ ಬಂದ್ರ ಏನ್ ಮಾಡ್ತೀರಿ? ಕಬ್ಬಿನ ಟ್ರ್ಯಾಕ್ಟರ್ ಅಡ್ಡ ನಿಂತ್ರ ಏನ್ ಮಾಡ್ತೀರಿ?"

"ಇಲ್ಲಿ ಇಟ್ಟು ಏನ್ ಮಾಡ್ಲಿ, ನೀವ ಹೇಳ್ರಿ" ಎಂದರು. ಅವರ ಧ್ವನಿ ಏರಿರಲಿಲ್ಲ, ಇಳಿದಿತ್ತು.

ನಾನು ಬಗ್ಗಿ ರೂಪಾಳಿಗೆ, "ತಂಗಿ, ನಿನ್ನ ಗಂಡಗ ಫೋನ್ ಹಚ್ಚು" ಎಂದೆ. ಅವಳು ಅಪ್ಪನ ಮುಖ ನೋಡಿದಳು. ಆಮೇಲೆ ಫೋನು ತೆಗೆದು, ಕಣ್ಣು ಮಬ್ಬಾಗಿ ಕಾಣದ್ದಕ್ಕೆ, "ನೀವ ಹುಡಕ್ರಿ" ಎಂದು ನನ್ನ ಕೈಗೆ ಕೊಟ್ಟಳು.

ಸಚಿನ್ ಪಾಳಿ ಮುಗಿಸಿ ಮನೆಯಲ್ಲಿದ್ದ, ಮೊದಲ ರಿಂಗಿಗೇ ಎತ್ತಿದ. ವಿಷಯ ಹೇಳಿದೆ. "ಕಾರ್ಡ್ ಐತ್ರಿ ಮಾವಶಿ. ಆಕೀ ಹೆಸರೂ ಐತಿ. ಕುಬಸದ ದಿವ್ಸಾನ ಕೊಡಬೇಕಂತ ಮಾಡಿದ್ದೆ. ಆಈ ಬ್ಯಾಡ ಅಂದ್ಲು. ನಾವಾಗಿ ಕೊಟ್ರ ಬೀಗರಿಗೆ ಶಕ್ತಿ ಇಲ್ಲ ಅಂದಂಗ ಆಗತೈತಿ, ಅವರ ಕೇಳಲಿ ಅಂದ್ಲು." ಅವನ ಆಈ, ಅಂದರೆ ಅವ್ವ, ಹಿಂದಿನಿಂದ ಮರಾಠಿಯಲ್ಲಿ ಏನೋ ಹೇಳುತ್ತ ಅಳುತ್ತಿದ್ದರು.

ಇವರು ಬೇಡಬಾರದು ಎಂದು ಸುಮ್ಮನಿದ್ದರು, ಅವರು ಕೊಡಬಾರದು ಎಂದು ಸುಮ್ಮನಿದ್ದರು. ಎರಡೂ ಮನೆಯ ಮರ್ಯಾದೆಯ ನಡುವೆ ಹುಡುಗಿ ಕಾರಿನಲ್ಲಿ ಕುಳಿತಿದ್ದಳು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ, ಆದರೆ ಯಾರ ಮೇಲೆ ಬಂತೆಂದು ಇವತ್ತಿಗೂ ಹೇಳಲಾರೆ.

ಕಾರ್ಡಿನ ಫೋಟೋ ಬಂತು. ಅದರಲ್ಲಿ ರೂಪಾ ಎಂಬ ಹೆಸರೇ ಇರಲಿಲ್ಲ. ಸಚಿನ್‌ನ ಹೆಂಡತಿ ಎಂದು ಗಾಯತ್ರಿ ಎನ್ನುವವಳ ಹೆಸರಿತ್ತು. ಒಂದು ಕ್ಷಣ ನನಗೆ ಏನೇನೋ ಅನ್ನಿಸಿತು. ಆಮೇಲೆ ಹೊಳೆಯಿತು. ಗಡಿಯ ಕಡೆ ಎಷ್ಟೋ ಮನೆಗಳಲ್ಲಿ ಮದುವೆಯ ದಿನ ತಾಟಿನಲ್ಲಿ ಅಕ್ಕಿ ಹರಡಿ, ಗಂಡ ಉಂಗುರದಿಂದ ಹೆಂಡತಿಗೆ ಹೊಸ ಹೆಸರು ಬರೆಯುತ್ತಾನೆ. ಅವನು ಅದನ್ನೇ ಫೌಂಡ್ರಿಯಲ್ಲಿ ಬರೆಸಿದ್ದ. ಇವಳ ಆಧಾರ್, ನಮ್ಮಲ್ಲಿಯ ತಪಾಸಣೆಯ ಕಾಗದ, ಎಲ್ಲ ರೂಪಾ ಎಂದೇ ಇದ್ದವು.

ಅದನ್ನು ಅಣ್ಣಾಸಾಹೇಬರಿಗೆ ಹೇಗೆ ಹೇಳಲಿ ಎಂದು ತಲೆ ಎತ್ತಿದಾಗ ರೂಪಾಳ ಕುತ್ತಿಗೆ ಒಂದು ಕಡೆ ವಾಲಿತ್ತು. ಕಣ್ಣು ಮೇಲೆ ಹೋದವು, ಕೈಕಾಲು ಸೆಟೆದವು. ಝಟಕಾ ಅಲ್ಲೇ, ನಮ್ಮ ಅಂಗಳದಲ್ಲೇ ಬಂತು. ಅಣ್ಣಾಸಾಹೇಬರೇ ಮಗಳನ್ನು ಎತ್ತಿಕೊಂಡು ಒಳಗೆ ಓಡಿದರು.

ಡಾಕ್ಟರ್ ಬಾಯಿ ಬಾಗಿಲಲ್ಲೇ ಎದುರಾದರು. ಒಪ್ಪಿಗೆ ಬಂದಿಲ್ಲ, ಹೆಸರು ಬೇರೆ ಇದೆ ಎಂದು ನಾನು ಹೇಳುವಷ್ಟರಲ್ಲಿ, "ಕಾಗದ ನಿನ್ನ ಕೆಲಸ, ಇದು ನನ್ನ ಕೆಲಸ" ಎಂದು ಬಾಗಿಲು ಹಾಕಿಕೊಂಡರು.

ಹೆಣ್ಣು ಕೂಸು ಹುಟ್ಟಿತು, ಬದುಕಿತು, ಕಾಚಿನ ಪೇಟಿಗೆ ಹೋಯಿತು. ರೂಪಾಳಿಗೆ ಮಾತ್ರ ಮರುದಿನದ ತನಕ ಸರಿಯಾಗಿ ಎಚ್ಚರ ಬರಲಿಲ್ಲ. ಅಷ್ಟರಲ್ಲಿ ಸಚಿನ್ ಮತ್ತು ಅವನ ಆಈ ಬಂದು ತಲುಪಿದ್ದರು. ವಿಮೆಯ ಕಂಪನಿಯಿಂದ ಬಂದ ಉತ್ತರ ನಾನು ಹೆದರಿದಂತೆಯೇ ಇತ್ತು. ದಾಖಲಾದವಳು ರೂಪಾ, ವಿಮೆ ಗಾಯತ್ರಿಯದು, ಇಬ್ಬರೂ ಒಬ್ಬರೇ ಎಂಬುದಕ್ಕೆ ಪುರಾವೆ ಕೊಡಿ. ಮದುವೆಯ ನೋಂದಣಿ ಇವರು ಮಾಡಿಸಿರಲಿಲ್ಲ. ನೋಟರಿಯ ಬಳಿ ಓಡಿದೆವು, ಫೌಂಡ್ರಿಯ ಕಚೇರಿಯಿಂದ ಪತ್ರ ತರಿಸಿದೆವು, ತಾಟಿನ ಅಕ್ಕಿಯಲ್ಲಿ ಹೆಸರು ಬರೆಯುವ ಮದುವೆಯ ಫೋಟೋವನ್ನೂ ಕಳಿಸಿದೆ. ಪರದೆಯ ಮೇಲಿನ ಪದ ಮಾತ್ರ ಬದಲಾಗಲಿಲ್ಲ.

ಆಮೇಲೆ ಕನ್ನಡ, ಮರಾಠಿ ಎರಡೂ ಬಲ್ಲ ಕಂಪನಿಯವರೊಬ್ಬರು ಫೋನ್ ಮಾಡಿ, ರೋಗಿಯ ಜೊತೆಗೇ ಮಾತಾಡಬೇಕು ಎಂದರು. ಫೋನಿನ ಧ್ವನಿ ಎಲ್ಲರಿಗೂ ಕೇಳುವ ಹಾಗೆ ಮಾಡಿ ರೂಪಾಳ ದಿಂಬಿನ ಹತ್ತಿರ ಹಿಡಿದೆ. ಔಷಧದ ಮಂಪರು ಇನ್ನೂ ಪೂರ್ತಿ ಇಳಿದಿರಲಿಲ್ಲ.

"ನಿಮ್ಮ ಹೆಸರೇನು?"

"ರೂಪಾ ರೀ."

"ಗಾಯತ್ರಿ ಅಂದರೆ ಯಾರು?"

 "ಆಕಿ ಅತ್ತಿ ಮನ್ಯಾಗ ಇರ್ತಾಳ್ರಿ" ಎಂದಳು.

 ಎಲ್ಲ ಮುಗಿಯಿತು ಅಂದುಕೊಂಡೆ.  ಆಗ ಗೋಡೆಗೆ ಒರಗಿ ನಿಂತಿದ್ದ ಅತ್ತೆ ಬಂದು ನನ್ನ ಕೈಯಿಂದ ಫೋನು ತೆಗೆದುಕೊಂಡರು. ಅವರು ಮರಾಠಿಯಲ್ಲಿ ಹೇಳಿದ್ದು ಇಷ್ಟು: ಎರಡೂ ಇವಳೇ. ಇವಳ ಅಪ್ಪ ಅವ್ವ ಇಟ್ಟ ಹೆಸರು ರೂಪಾ. ಅದನ್ನು ತೆಗೆದು ಬೇರೆ ಇಟ್ಟವಳು ನಾನು, ಕೇಳುವುದಿದ್ದರೆ ನನ್ನನ್ನು ಕೇಳಿ, ಅವಳನ್ನು ಮಲಗಲು ಬಿಡಿ. ಇಷ್ಟು ಹೇಳಿ ಸೊಸೆಯ ಹಣೆಯ ಮೇಲಿನ ಕೂದಲು ಸರಿಸಿದರು. ಆಸ್ಪತ್ರೆ ಬಿಡುವ ತನಕ ಅವರು ಅವಳನ್ನು ರೂಪಾ ಎಂದೇ ಕರೆದದ್ದನ್ನು ನಾನು ಕೇಳಿದ್ದೇನೆ.

ಒಪ್ಪಿಗೆ ಕೊನೆಗೂ ಬಂತು. ಯಾವ ಕಾಗದಕ್ಕೆ ಬಂತು, ಯಾವ ಮಾತಿಗೆ ಬಂತು, ನನಗೆ ಗೊತ್ತಿಲ್ಲ. ಆಪರೇಶನ್ನಿನ ಬಹುಪಾಲು ಅದರಲ್ಲಿ ಹೋಯಿತು, ಪೇಟಿಯ ಖರ್ಚು ಮಿತಿ ಮೀರಿ ಉಳಿಯಿತು. ಉಳಿದದ್ದನ್ನು ನಾನು ಕೊಡುತ್ತೇನೆ, ನಾನು ಕೊಡುತ್ತೇನೆ ಎಂದು ಅಣ್ಣಾಸಾಹೇಬರು ಮತ್ತು ಬೀಗತಿ ನನ್ನ ಮೇಜಿನ ಮುಂದೆ ಜಗಳಕ್ಕೇ ನಿಂತರು. "ಈ ಜಗಳ ಕುಬಸದ ದಿವ್ಸಾನ ಮಾಡಿದ್ರ ಎಷ್ಟು ಚಲೋ ಇತ್ರಿ" ಎಂದು ಬೈದು, ಅರ್ಧರ್ಧ ಬರೆದೆ. ಹೊರಡುವಾಗ ಅಣ್ಣಾಸಾಹೇಬರು, "ಅವತ್ತ ಬಾಗಲಾ ಹಿಡಿದ್ರಲ್ರಿ, ನನಗ ಭಾಳ ಸಿಟ್ಟ ಬಂದಿತ್ತು" ಎಂದರು. ಕೂಸನ್ನು ನನ್ನ ತೊಡೆಯ ಮೇಲಿಟ್ಟು, ಸ್ವಲ್ಪ ಹೊತ್ತಿನ ಮೇಲೆ ಎತ್ತಿಕೊಂಡು ಹೋದರು.

ಅದಾದ ಮೇಲೆ ನಾನು ಬಸುರಿಗೆ ಮೊದಲು ಕೇಳುತ್ತಿದ್ದುದು, "ಗಂಡನ ಮನ್ಯಾಗ ನಿನಗ ಏನಂತ ಕರೀತಾರ?" ಎಂದು. ನನ್ನ ಕುರ್ಚಿಯ ಹುಡುಗಿಗೂ ಹೇಳುವುದು ಇದನ್ನೇ. ಕಾರ್ಡು ಕೇಳಲು ನಾಚಿಕೊಳ್ಳುವವರ ಪರವಾಗಿ ನೀನು ನಾಚಿಕೆ ಬಿಟ್ಟು ಕೇಳು.

ಹೇಳುವುದು ಸುಲಭ. ಈ ತಿಂಗಳು ಅದು ನನ್ನ ಮನೆಗೇ ಬಂತು. ಸೊಸೆ ಪಲ್ಲವಿಗೆ ಏಳು ತಿಂಗಳು, ತವರು ರಾಯಬಾಗದ ಕಡೆಯ ಹಳ್ಳಿ. ಮಗನಿಗೆ ಕಾಗವಾಡದ ಕಡೆ ಸಕ್ಕರೆ ಕಾರ್ಖಾನೆಯಲ್ಲಿ ನೌಕರಿ, ವಿಮೆ ಇದೆ. ಮದುವೆಯಲ್ಲಿ ತಾಟು, ಅಕ್ಕಿ ತಂದಾಗ ಇದ್ದ ಹೆಸರನ್ನೇ ಬರೆಯಿಸಿದ್ದೆ, ಆ ಚಿಂತೆಯಿಲ್ಲ. ಯಾವ ಆಸ್ಪತ್ರೆ ಎಂದು ಬೀಗತಿಗೆ ಕೇಳೋಣವೆಂದು ಫೋನು ಎತ್ತಿಕೊಂಡೆ, ಇಟ್ಟೆ. ಮರುದಿನ ಮತ್ತೆ ಎತ್ತಿಕೊಂಡೆ. ಏನು ತಿಳಿದುಕೊಂಡಾರೋ, ಅವರ ಶಕ್ತಿಯನ್ನು ಅಳೆಯುತ್ತಿದ್ದೇನೆ ಅಂದುಕೊಂಡಾರೋ ಎಂದು ಆವತ್ತೂ ಇಟ್ಟುಬಿಟ್ಟೆ. ಊರಿಗೆಲ್ಲ ಬುದ್ಧಿ ಹೇಳಿದವಳು ನನ್ನ ಮನೆಯಲ್ಲೇ ಮೂಕಿಯಾದೆ. ಆ ವಾರ ಸರಿಯಾಗಿ ನಿದ್ದೆ ಬರಲಿಲ್ಲ.

ಕುಬಸದ ದಿನ ಹಸಿರು ಸೀರೆ, ಹಸಿರು ಬಳೆ ಹಾಕಿ ಪಲ್ಲವಿಯನ್ನು ಕೂಡಿಸಿದರು. ಉಡಿ ತುಂಬುವಾಗ ಅಕ್ಕಿ, ಕಾಯಿ, ಖಣ, ಎಲೆ ಅಡಿಕೆ ಹಾಕಿದೆ. ಆಮೇಲೆ ವಿಮೆಯ ಕಾರ್ಡನ್ನೂ ಎಲ್ಲರೆದುರಿಗೇ ಅವಳ ಉಡಿಯೊಳಗೆ ಇಟ್ಟೆ. ಹಾಡುತ್ತಿದ್ದವರು ನಿಲ್ಲಿಸಿದರು.

"ಇದೇನ್ರಿ ಅಕ್ಕಾರ?" ಬೀಗತಿಯ ಮುಖ ಕೆಂಪಗಾಗಿತ್ತು. "ಚೊಚ್ಚಲ ನಮ್ದಲ್ರಿ."

"ಹೆರಿಗಿ ನಿಮ್ದ ಇರಲಿ ರೀ" ಎಂದೆ.  "ಹೆರಾಕಿ ನಮ್ಮಿಬ್ಬರಿಗೂ ಮಗಳಲ್ರಿ."

 ಬೀಗತಿ ಕಾಯಿ, ಕಾರ್ಡು ಎರಡನ್ನೂ ಸೇರಿಸಿ ಮಗಳ ಸೆರಗಿಗೆ ಗಂಟು ಹಾಕಿದರು. ಊಟ ಮುಗಿಯುವ ತನಕ ನನ್ನ ಜೊತೆ ಮಾತಾಡಲಿಲ್ಲ. ತಪ್ಪಾಯಿತೇನೋ ಅಂದುಕೊಂಡೆ.

ಸಂಜೆಗೆ ಮುಂಚೆ ಗಾಡಿ ಹೊರಟಿತು. ಪಲ್ಲವಿ ಹಿಂದಿನ ಸೀಟಿನಲ್ಲಿ ಉಡಿಯನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತಿದ್ದಳು. ನಾನು ಹುಷಾರು, ಹುಷಾರು ಎನ್ನುತ್ತ ನಿಂತೇ ಇದ್ದೆ. ಬೀಗತಿ ಒಳಗೆ ಕೂತವರು ಗಾಜು ಇಳಿಸಿ ನನ್ನ ಕಡೆ ಬಗ್ಗಿದರು.

"ದವಾಖಾನಿ ಯಾವುದು ನೋಡೂಣು? ನೀವ ಹೇಳ್ರಿ" ಎಂದರು.

ಹೇಳಿದೆ. ಆಮೇಲೆ ಗಾಡಿಯ ಬಾಗಿಲನ್ನು ಹಿಡಿದಿದ್ದ ಕೈಯನ್ನು ಬಿಟ್ಟೆ.